ಬುಟ್ಟಿಗಿಟ್ಟ ಸೋರೆಕಾಯಿ

ನಾಲಿಗೆಗೆ ತಾಗಿದ್ದೇ ತಡ, ಟೈಲರಕ್ಕ ಥೂ ಎಂದು ಸಿಂಕಿಗೆ ಉಗಿದಳು. ತರಕಾರಿ ಹೆಚ್ಚುವಾಗ ಒಂದು ಹಸಿ ಚೂರನ್ನು ಬಾಯಿಗೆ ಹಾಕಿಕೊಳ್ಳುವುದು ಅವಳ ಹಳೆಯ ಚಾಳಿ. ಇವತ್ತಿನ ಚೂರು ಕಹಿಯಾಗಿತ್ತು. ಹಾಗಲಕಾಯಿಯ ಕಹಿಗೆ ಒಂದು ಮರ್ಯಾದೆ ಇರುತ್ತದೆ, ಬಂದು ಹೋಗುತ್ತದೆ. ಇದು ಹೋಗಲಿಲ್ಲ. ಯಾರೋ ಒಳಗಿನಿಂದ ಗಂಟಲು ಹಿಸುಕಿದ ಹಾಗೆ ಅಲ್ಲೇ ಕೂತಿತು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು. ಹಲಗೆಯ ಮೇಲೆ ಬಿದ್ದಿದ್ದ ಸೋರೆಕಾಯಿ ಮಾತ್ರ ಏನೂ ಅರಿಯದ ಮಗುವಿನ ಹಾಗೆ ಬೆಳ್ಳಗೆ, ನುಣ್ಣಗೆ, ತಣ್ಣಗೆ ಇತ್ತು.

ನರ್ಸಮ್ಮ ಹೋದ ಬೇಸಿಗೆಯಲ್ಲಿ ಹೇಳಿದ್ದು ಆಗ ನೆನಪಾಯಿತು. ಅಕ್ಕಪಕ್ಕದ ಬೀದಿಯವರು ತಲೆಗೊಂದು ಮಡಿ ಹಂಚಿಕೊಂಡು ತರಕಾರಿ ಬೆಳೆಯುವ ತೋಟದ ತಗಡಿನ ಚಪ್ಪರದ ಕೆಳಗೆ ಎಲ್ಲರೂ ಕೂತಿದ್ದಾಗ ಹೇಳಿದ್ದಳು: "ನಮ್ಮ ವಾರ್ಡಿಗೆ ಒಬ್ಬಳು ಬಂದಿದ್ಲು ಕಣ್ರೇ. ಕಹಿ ಸೋರೆಕಾಯಿ ರಸ ಕುಡಿದು. ಔಷಧಿ ಕಹಿ ಇದ್ದಷ್ಟೂ ಒಳ್ಳೇದು ಅಂದ್ಕೊಂಡು ಕಣ್ಮುಚ್ಚಿ ಲೋಟ ಖಾಲಿ ಮಾಡಿದ್ಳಂತೆ. ರಕ್ತ ಕಾರ್ಕೊಂಡ್ಲು. ಉಳೀಲಿಲ್ಲ." ಎಲ್ಲರೂ ಅಯ್ಯೋ ಪಾಪ ಎಂದಿದ್ದರು. ಆಮೇಲೆ ಮಾತು ಬೆಂಡೆಗಿಡದ ಹೇನಿನ ಕಡೆಗೆ ತಿರುಗಿತ್ತು.

ಟೈಲರಕ್ಕನ ಎದೆ ಝಲ್ಲೆಂದಿತು. ತಾನು ಉಗಿದಾಗಿದೆ, ಅದಕ್ಕಲ್ಲ. ಬೆಳಗಿನ ತಂಪಿನಲ್ಲಿ ಇದೇ ಬಳ್ಳಿಯಿಂದ ಮೂರು ಕಾಯಿ ಕೊಯ್ದಿದ್ದಳು. ಒಂದನ್ನು ಮನೆಗೆ ತಂದಳು. ಎರಡನ್ನು ತೋಟದ ಗೇಟಿನೊಳಗಿನ ಬುಟ್ಟಿಯಲ್ಲಿ ಇಟ್ಟು ಬಂದಿದ್ದಳು.

ಅರ್ಧ ಹೊಲಿದ ರವಿಕೆ ಮಿಷನ್ನಿನ ಸೂಜಿಯ ಕೆಳಗೇ ಉಳಿಯಿತು. ಚಪ್ಪಲಿ ಮೆಟ್ಟಿದವಳೇ ಓಡಿದಳು.

ಆ ಬುಟ್ಟಿಗೆ ಒಂದು ಕಟ್ಟಳೆ ಇತ್ತು. ಯಾರ ಮಡಿಯಲ್ಲಿ ಹೆಚ್ಚಾದದ್ದು ಇದೆಯೋ ಅವರು ತಂದು ಇಡಬೇಕು. ಬೇಕಾದವರು ತೆಗೆದುಕೊಂಡು ಹೋಗಬೇಕು. ಇಟ್ಟವರು ಇಟ್ಟೆ ಅನ್ನಬಾರದು, ತೆಗೆದುಕೊಂಡವರನ್ನು ಯಾರೂ ಕೇಳಬಾರದು, ಬುಟ್ಟಿಯ ಹತ್ತಿರ ಯಾರಾದರೂ ಬಗ್ಗಿದ್ದು ಕಂಡರೆ ಮುಖ ಆಚೆ ತಿರುಗಿಸಬೇಕು. ಈ ಕಟ್ಟಳೆ ಮಾಡಿದವಳು ಟೈಲರಕ್ಕನೇ. ಒಂದು ವರ್ಷ ಹೊಳೆ ಉಕ್ಕಿ ಬೀದಿಯ ಮನೆಗಳಿಗೆಲ್ಲ ನೀರು ನುಗ್ಗಿದಾಗ ದೊಡ್ಡವರು ಬಂದು ದಿನಸಿಯ ಚೀಲ ಹಂಚಿದ್ದರು. ಚೀಲ ಕೈಗೆ ಬರಬೇಕಾದರೆ ಕ್ಯಾಮರಾ ಕಡೆ ನೋಡಿ ನಗಬೇಕಿತ್ತು. ನಗು ಬಾರದವರಿಗೆ "ಇನ್ನೊಂದ್ಸಲ, ಸ್ವಲ್ಪ ಹಲ್ಲು ಕಾಣ್ಲಿ" ಎಂದಿದ್ದರು. ಆ ಫೋಟೋಗಳು ಸರ್ಕಲ್ಲಿನ ಕಂಬಗಳ ಮೇಲೆ ತಿಂಗಳುಗಟ್ಟಲೆ ನೇತಾಡಿದವು. ದಾರದ ಉಂಡೆ ತರಲು ಹೋದಾಗಲೆಲ್ಲ ಟೈಲರಕ್ಕ ತನ್ನದೇ ಹಲ್ಲನ್ನು ತಾನೇ ನೋಡಬೇಕಾಯಿತು. ಹಸಿದವರ ಹಲ್ಲು ತೋರಿಸಿ ತಮ್ಮ ಹೆಸರು ದೊಡ್ಡದು ಮಾಡಿಕೊಳ್ಳುವ ಜನ ಎಲ್ಲ ಕಾಲಕ್ಕೂ ಇದ್ದಾರೆ. ತಮ್ಮ ತೋಟದಲ್ಲಾದರೂ ಅದು ಬೇಡ ಎಂದು ಅವಳು ಹಟ ಹಿಡಿದಿದ್ದಳು. ಬುಟ್ಟಿಗೆ ಕಣ್ಣಿಲ್ಲ, ಬಾಯಿಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು.

ಇವತ್ತು ಆ ಮಾತೇ ಅವಳ ಕಾಲಿಗೆ ತೊಡರುತ್ತಿತ್ತು. ಬಾಯಿಲ್ಲದ ಬುಟ್ಟಿಯನ್ನು ಏನೆಂದು ಕೇಳುವುದು?

ಬೀದಿ ಕಾದ ಕಾವಲಿಯಾಗಿತ್ತು. ತೋಟದ ಎದುರಿಗಿನ ನೀರಿನ ಕಚೇರಿಯ ಅಂಗಳದಲ್ಲಿ ಹುಲ್ಲಿಗೆ ಕಾರಂಜಿ ಚಿಮ್ಮುತ್ತಿತ್ತು. ಕುಡಿಯಲಿಕ್ಕೇ ನೀರಿಲ್ಲ, ನಿಮ್ಮ ಬದನೆಕಾಯಿಗೆ ಎಲ್ಲಿಂದ ತರೋದು ಎಂದು ಬೇಸಿಗೆ ಕಾಲಿಟ್ಟ ದಿನವೇ ತೋಟದ ನಲ್ಲಿಗೆ ಬೀಗ ಜಡಿದಿದ್ದವರು ಇವರೇ. ಯಾರೂ ತಿನ್ನದ ಹುಲ್ಲು ಕೊಬ್ಬುತ್ತಿತ್ತು, ತಿನ್ನುವ ಗಿಡ ಸಾಯುತ್ತಿತ್ತು. ಕಚೇರಿಯ ಸಾಹೇಬರಿಗೆ ಆ ತೋಟದ ಜಾಗ ಗಾಡಿ ನಿಲ್ಲಿಸಲು ಬೇಕಿತ್ತು. ತೋಟದಿಂದ ಯಾರಿಗಾದರೂ ತೊಂದರೆಯಾಯಿತೆಂದು ಒಂದು ದೂರು ಬರಲಿ, ಗೇಟಿಗೂ ಬೀಗ ಹಾಕುತ್ತೇನೆ ಎಂದು ಅವರು ಬಾಯಿಬಿಟ್ಟು ಹೇಳಿಯೇ ಇದ್ದರು.

ಟೈಲರಕ್ಕ ಗೇಟು ತಳ್ಳಿದಳು. ಬುಟ್ಟಿ ಖಾಲಿ. ತಳದಲ್ಲಿ ಒಂದು ಒಣಗಿದ ಎಲೆ ಇತ್ತು, ಅಷ್ಟೇ.

ಬುಟ್ಟಿಯನ್ನು ಅಲ್ಲೇ ಬಿಟ್ಟು ಚಪ್ಪರದ ಕಡೆಗೆ ಓಡಿದಳು.

ಚಪ್ಪರದ ಕೆಳಗೆ ಮಾತು ಎಂದಿನಂತೆ ನಡೆದಿತ್ತು. ನಿವೃತ್ತಿಯಾದ ಮೇಲೂ ಖಾಕಿ ಅಂಗಿಯನ್ನೇ ತೊಡುವ ಪೋಸ್ಟ್‌ಮಾಮ ಮೊಳಕೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ನೇರ ತೋಟಕ್ಕೆ ಬಂದಿದ್ದ ನರ್ಸಮ್ಮ ಕಂಬಕ್ಕೆ ಒರಗಿದ್ದಳು. ಬೇಕರಿಯವನು ಒಲೆ ಆರಿಸಿ ಬಂದು ಟೊಮೇಟೊ ಗಿಡಕ್ಕೆ ಕಟ್ಟಲು ಬಟ್ಟೆ ಹರಿಯುತ್ತಿದ್ದ. ಕುರ್ಚಿಯಲ್ಲಿ ಮೇಷ್ಟ್ರು. ಅವರದು ಮೂಲೆಯ ಮಡಿ. ಬಿಸಿಲಿಗೆ ಅಡ್ಡವಾಗಲೆಂದು ಅವರು ಅದರ ಸುತ್ತ ಗೋಣಿತಾಟು ಕಟ್ಟಿದ್ದರು. ತಾಟಿನ ಈಚೆ ಕೂತು ಎಲ್ಲರ ಗಿಡಗಳಿಗೂ ಬುದ್ಧಿ ಹೇಳುತ್ತಿದ್ದರು.

"ಗಿಡದ ಜೊತೆ ಮಾತಾಡ್ಬೇಕು ಕಣಯ್ಯಾ," ಮೇಷ್ಟ್ರು ಬೇಕರಿಯವನಿಗೆ ಹೇಳುತ್ತಿದ್ದರು.

"ಮಾತಾಡ್ತೀನಲ್ಲ ಮೇಷ್ಟ್ರೇ. ನಿನ್ನೆ ಬಾಯಿಗೆ ಬಂದ ಹಾಗೆ ಬೈದೆ. ಇವತ್ತು ಎರಡು ಹೂ ಬಿಟ್ಟಿದೆ."

"ನಿನ್ನ ಬ್ರೆಡ್ಡಿಗೂ ಹಾಗೇ ಬೈತೀಯಾ ಹೇಗೆ?" ಎಂದ ಪೋಸ್ಟ್‌ಮಾಮ. "ಅದಕ್ಕೇ ಕಲ್ಲಾಗಿರುತ್ತೆ, ಮುನಿಸ್ಕೊಂಡು."

ನರ್ಸಮ್ಮ ನಗುತ್ತಾ ತಿರುಗಿದವಳು ಟೈಲರಕ್ಕನನ್ನು ನೋಡಿ ನಗು ನಿಲ್ಲಿಸಿದಳು. "ಏನೇ ಅಕ್ಕಾ ಇದು, ಮುಖ ಹೀಗೆ ಬಿಳಿಚ್ಕೊಂಡಿದೆ?"

"ಬುಟ್ಟೀಲಿದ್ದ ಸೋರೆಕಾಯಿ," ಟೈಲರಕ್ಕನಿಗೆ ಉಸಿರು ಸಾಲದಾಗಿತ್ತು. "ಯಾರು ತಗೊಂಡ್ರಿ?"

ಪೋಸ್ಟ್‌ಮಾಮ ಆಕಾಶ ನೋಡಿದ. ಬೇಕರಿಯವನು ಹರಿದ ಬಟ್ಟೆಯನ್ನೇ ಮತ್ತೆ ಹರಿದ.

"ಹಾಗೆಲ್ಲ ಕೇಳೋ ಹಾಗಿಲ್ವಲ್ಲಮ್ಮ," ಮೇಷ್ಟ್ರು ಮೆಲ್ಲಗೆ ಹೇಳಿದರು. "ನೀನೇ ಮಾಡಿದ ಕಾನೂನು."

"ಕಾನೂನು ಹಾಳಾಗಿ ಹೋಗ್ಲಿ! ಅದು ಕಹಿ. ನರ್ಸಮ್ಮ ಹೇಳಿದ್ಲಲ್ಲ, ಅಂಥಾ ಕಹಿ."

ನರ್ಸಮ್ಮ ಎದ್ದು ನಿಂತಳು. ಟೈಲರಕ್ಕನ ಗಲ್ಲ ಹಿಡಿದು ಬಾಯಿ ತೆರೆಸಿದಳು. "ನೀನು ತಿಂದ್ಯಾ? ನುಂಗಿದ್ಯಾ?"

"ಉಗಿದೆ. ಆದ್ರೆ ಅದೇ ಬಳ್ಳಿಯ ಎರಡು ಕಾಯಿ ಬುಟ್ಟೀಲಿತ್ತು. ಇಟ್ಟಿದ್ದು ನಾನೇ."

ಇಟ್ಟಿದ್ದು ನಾನೇ ಎಂಬ ಮಾತು ಆ ಚಪ್ಪರದ ಕೆಳಗೆ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ತಪ್ಪೊಪ್ಪಿಕೊಂಡವಳ ಹಾಗೆ ಅವಳು ತಲೆ ತಗ್ಗಿಸಿದಳು.

"ಬೀಜ ಎಲ್ಲಿದು?" ಎಂದ ಪೋಸ್ಟ್‌ಮಾಮ.

"ಹೋದ ವರ್ಷದ ನನ್ನದೇ ಕಾಯಿದು. ಬೇಲಿ ಮೇಲೆ ಬಲಿಯೋಕೆ ಬಿಟ್ಟಿದ್ನಲ್ಲ, ಎಲ್ಲಕ್ಕಿಂತ ಚೆಂದ ಇತ್ತು ಅಂತ."

ಪೋಸ್ಟ್‌ಮಾಮನ ತೊಡೆಯ ಮೇಲಿದ್ದ ತಟ್ಟೆ ಜಾರಿತು. ಹೋದ ವರ್ಷ ಅದೇ ಬೇಲಿಗೆ ಅವನು ಕಾಡುಸೋರೆ ಹಬ್ಬಿಸಿದ್ದ. ತಿನ್ನಲಿಕ್ಕಲ್ಲ, ಒಣಗಿಸಿ ತೂತು ಕೊರೆದು ಹಕ್ಕಿಗೂಡು ಮಾಡಲಿಕ್ಕೆ. ಸೋರೆಯ ಹೂ ಮುಸ್ಸಂಜೆಗೆ ಅರಳುತ್ತದೆ. ಪತಂಗಗಳು ಈ ಬಳ್ಳಿಯಿಂದ ಆ ಬಳ್ಳಿಗೆ ಹಾರುತ್ತವೆ. ಅವಳ ಸಿಹಿ ಸೋರೆಯೊಳಗೆ ಅವನ ಕಾಡು ಸೋರೆ ಸೇರಿಕೊಂಡಿತ್ತು. ಆ ವರ್ಷದ ಕಾಯಿ ತಿಂದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಬೀಜದೊಳಗೆ ಕೂತಿದ್ದ ಕಹಿ ಈ ವರ್ಷದ ಕಾಯಿಗೆ ಇಳಿದಿತ್ತು. ಅದರ ಮೇಲೆ ನೀರಿಲ್ಲದ ಬೇಸಿಗೆ. ಪಾತ್ರೆ ತೊಳೆದ ನೀರನ್ನು ಹೊತ್ತು ತಂದು ಜೀವ ಹಿಡಿಸಿದ್ದ ಬಳ್ಳಿ ತನ್ನ ಸಂಕಟವನ್ನೆಲ್ಲ ಕಾಯಿಗೆ ತುಂಬಿತ್ತು. ಪ್ಯಾಕೆಟ್ ಬೀಜ ತರುವವರನ್ನು ಕಂಡರೆ ನಗುತ್ತಿದ್ದವಳು ಟೈಲರಕ್ಕ.

"ಮೆತ್ತಗೆ ಮಾತಾಡಮ್ಮ," ಪೋಸ್ಟ್‌ಮಾಮ ರಸ್ತೆಯ ಕಡೆ ನೋಡುತ್ತಾ ಹೇಳಿದ. "ಎದುರಿಗೆ ಕಿವಿಗಳಿವೆ. ಇವತ್ತೇ ಬೀಗ ಬೀಳುತ್ತೆ."

"ಬೀಳ್ಲಿ ಮಾಮಾ. ಯಾರೋ ಈಗ ಅದನ್ನ ಬಾಯಿಗಿಡ್ತಾ ಇರ್ಬಹುದು. ನಾನು ಮೆತ್ತಗೆ ಮಾತಾಡ್ತಾ ಕೂತ್ಕೊಳ್ಲಾ?" ಅವಳ ದನಿ ಒಡೆಯಿತು. "ಯಾರೂ ಬಾಯಿ ಬಿಡಲ್ಲ. ಬಿಡ್ಬಾರ್ದು ಅಂತ ನಾನೇ ಹೇಳ್ಕೊಟ್ಟಿದ್ದು."

ಬೇಕರಿಯವನು ಬಟ್ಟೆ ಕೆಳಗಿಟ್ಟ.

"ಇವತ್ತಿಂದು ನಾನಲ್ಲಕ್ಕ. ಆದ್ರೆ ಹೋದ ವಾರದ ಬೀನ್ಸ್ ನಾನೇ ತಗೊಂಡಿದ್ದು. ನನ್ನ ಹೆಂಡ್ತಿಗೆ ಗೊತ್ತಿಲ್ಲ, ನಮ್ಮದೇ ಗಿಡದ್ದು ಅಂತ ಜಂಬ ಕೊಚ್ಕೊಂಡೆ."

"ಬದನೆಕಾಯಿ ನಾನು," ಎಂದ ಪೋಸ್ಟ್‌ಮಾಮ. "ವಾರವಾರ. ಇನ್ನೇನೂ ಕೇಳ್ಬೇಡಿ."

"ನನ್ನ ಮಡೀಲಿ ಈ ವರ್ಷ ಕಳೆ ಬಿಟ್ರೆ ಏನು ಬಂದಿದೆ?" ಎಂದಳು ನರ್ಸಮ್ಮ. "ನಾನು ತಿಂದಿದ್ದೆಲ್ಲ ಬುಟ್ಟೀದೇ."

ಬೇರೆ ಹೊತ್ತಾಗಿದ್ದರೆ ನಗೆ ಉಕ್ಕುತ್ತಿತ್ತು. ಇಷ್ಟು ದಿನ ಒಬ್ಬರಿಗೊಬ್ಬರು ಕಾಣದ ಹಾಗೆ ಬಗ್ಗಿದವರು ಇವರೇ. ಈಗ ಮೂವರೂ ಟೈಲರಕ್ಕನ ಮುಖ ನೋಡಿದರು. ಟೈಲರಕ್ಕ ಮೇಷ್ಟ್ರ ಮುಖ ನೋಡಿದಳು.

"ನನಗ್ಯಾಕೆ ಬುಟ್ಟಿ?" ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. "ನನ್ನ ಮಡೀಲೇ ಬೇಕಾದಷ್ಟಿದೆ. ಯಾರೋ ದಾರಿಹೋಕರು ತಗೊಂಡಿರ್ತಾರೆ. ತಿನ್ನೋವಾಗ ಕಹಿ ಅಂತ ಗೊತ್ತಾಗೇ ಆಗುತ್ತೆ, ಉಗೀತಾರೆ. ಇಷ್ಟಕ್ಕೆಲ್ಲ ಗಾಬರಿ ಬೇಡ."

"ಉಗಿದ್ರೆ ಸರಿ," ಎಂದಳು ನರ್ಸಮ್ಮ. "ನಾಲ್ಕು ಚಮಚ ಒಳಗೆ ಹೋದ್ರೆ ಹೊಟ್ಟೆ ಸುಟ್ಟ ಹಾಗೆ ಆಗುತ್ತೆ. ವಯಸ್ಸಾದವರಾದ್ರೆ ಬಿ.ಪಿ. ಪಾತಾಳಕ್ಕಿಳಿಯುತ್ತೆ."

ಮೇಷ್ಟ್ರು ಕನ್ನಡಕ ಒರೆಸುತ್ತಲೇ ಇದ್ದರು. ಗಾಜು ಎಂದೋ ಶುಭ್ರವಾಗಿತ್ತು.

"ಬೇಯಿಸಿದ್ರೆ," ಎಂದರು. ನಿಲ್ಲಿಸಿದರು. "ಚೆನ್ನಾಗಿ ಬೇಯಿಸಿ ಹಿಸುಕಿದ್ರೆ ಕಹಿ ಹೋಗುತ್ತೆ, ಅಲ್ವಾ?"

"ಹೋಗಲ್ಲ ಮೇಷ್ಟ್ರೇ. ಎಷ್ಟು ಬೇಯಿಸಿದ್ರೂ ಹೋಗಲ್ಲ."

ಕನ್ನಡಕ ಅವರ ಕೈಯಿಂದ ಮಣ್ಣಿಗೆ ಬಿತ್ತು. ಅದನ್ನು ಹೆಕ್ಕಿಕೊಳ್ಳಲೂ ಅವರು ಬಗ್ಗಲಿಲ್ಲ.

"ಅವಳು ಉಗಿಯಲ್ಲ," ಎಂದರು.

ಟೈಲರಕ್ಕ ಎರಡು ಹೆಜ್ಜೆಯಲ್ಲಿ ಮೂಲೆಯ ಮಡಿ ತಲುಪಿ ಗೋಣಿತಾಟನ್ನು ಸರಿಸಿದಳು. ಒಳಗೆ ಒಂದೇ ಒಂದು ಹಸಿರೆಲೆ ಇರಲಿಲ್ಲ. ಹಂದರದ ಮೇಲೆ ಬಳ್ಳಿಗಳು ಹಳೆಯ ಹಗ್ಗದ ಹಾಗೆ ಜೋತುಬಿದ್ದಿದ್ದವು. ನೆಲ ಬಿರಿದಿತ್ತು.

ಈ ಮಡಿಯನ್ನು ಕಟ್ಟಿದವರು ಗಂಡಹೆಂಡಿರು ಇಬ್ಬರೂ. ನಿಜ ಹೇಳಬೇಕೆಂದರೆ ಹೆಂಡತಿಯೇ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಮೇಲೆ ಆಕೆ ತೋಟವನ್ನು ಗಂಡನ ಕಣ್ಣಿಂದ ನೋಡುತ್ತಿದ್ದರು. ಬೀನ್ಸ್ ಎಷ್ಟೆತ್ತರ ಬಂತು, ಸೋರೆ ಕಾಯಿ ಹಿಡಿಯಿತಾ ಎಂದು ದಿನಾ ಕೇಳುತ್ತಿದ್ದರು. ನಲ್ಲಿಗೆ ಬೀಗ ಬಿದ್ದಾಗ ಎಲ್ಲರೂ ಮನೆಯಿಂದ ಕೊಡಗಳಲ್ಲಿ ನೀರು ಹೊತ್ತರು. ಮೇಷ್ಟ್ರಿಗೆ ಹೆಂಡತಿಯನ್ನು ಬಿಟ್ಟು ಕೊಡ ಹೊರಲು ಹೊತ್ತೂ ಇರಲಿಲ್ಲ, ತೋಳೂ ಇರಲಿಲ್ಲ. ಒಣಗಿತು ಎಂದು ಹೇಳಲು ಬಾಯಿ ಬರಲಿಲ್ಲ. ಬುಟ್ಟಿಯಿಂದ ಎತ್ತಿಕೊಂಡು ಹೋಗಿ, ನೋಡೇ ನಮ್ಮ ಬಳ್ಳಿಯದು ಎಂದು ಆಕೆಯ ಮಡಿಲಿಗೆ ಇಡುತ್ತಾ ಬಂದಿದ್ದರು.

"ಎರಡೂ ನಾನೇ ತಗೊಂಡಿದ್ದು. ಒಂದನ್ನ ಬೇಯಿಸಿ ಹಿಸುಕಿ ಹಾಸಿಗೆ ಪಕ್ಕ ಇಟ್ಟು ಬಂದೆ. ಅವಳಿಗೆ ಹಸಿವಾದಾಗ ತಿಂತಾಳೆ."

"ನೀವು ರುಚಿ ನೋಡ್ಲಿಲ್ವಾ?" ನರ್ಸಮ್ಮ ಕೂಗಿದಳು.

"ಉಪ್ಪಿಲ್ಲ, ಖಾರ ಇಲ್ಲ. ಅದರಲ್ಲಿ ನೋಡೋ ರುಚಿ ಏನಿದೆ ಅಂತ ..." ಮೇಷ್ಟ್ರು ಗೇಟಿನ ಕಡೆ ನೋಡಿದರು. "ನಮ್ಮ ಬಳ್ಳಿಯದು ಅಂದಿದ್ದೀನಲ್ಲ. ವಿಷ ಇದ್ರೂ ಚೆನ್ನಾಗಿದೆ ರೀ ಅಂತಾಳೆ."

ಟೈಲರಕ್ಕ ಆಗಲೇ ಗೇಟು ದಾಟಿದ್ದಳು.

ಮೇಷ್ಟ್ರ ಮನೆ ಮುಂದಿನ ಬೀದಿಯಲ್ಲೇ ಇತ್ತು. ಆ ದಾರಿ ಅವಳಿಗೆ ಮುಗಿಯದಾಯಿತು. ಇನ್ನೂ ತಿಂದಿರಬಾರದು, ನಿದ್ದೆ ಹೋಗಿರಲಿ, ಬಟ್ಟಲು ಕೈಜಾರಿ ಬಿದ್ದಿರಲಿ, ಬೆಕ್ಕು ಉರುಳಿಸಿರಲಿ. ಯಾರನ್ನು ಬೇಡಿಕೊಳ್ಳುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ.

ಚಿಲಕ ಹಾಕಿರಲಿಲ್ಲ. ಕತ್ತಲೆ ಮಾಡಿದ್ದ ಕೋಣೆ. ಕಿಟಕಿಗೆ ಒದ್ದೆ ಬಟ್ಟೆ, ಮಂಚದ ಪಕ್ಕದ ಸ್ಟೂಲಿನ ಮೇಲೆ ಔಷಧಿ ಡಬ್ಬಿಗಳು, ಅಲ್ಲೇ ಹೆಚ್ಚದೆ ಉಳಿದ ಇನ್ನೊಂದು ಸೋರೆಕಾಯಿ. ಮೇಷ್ಟ್ರ ಹೆಂಡತಿ ದಿಂಬಿಗೆ ಒರಗಿ ಕೂತಿದ್ದರು. ಮಡಿಲಲ್ಲಿ ಸ್ಟೀಲಿನ ಬಟ್ಟಲು. ಅರ್ಧ ಖಾಲಿಯಾಗಿತ್ತು. ಚಮಚ ಬಾಯಿಯ ಹತ್ತಿರವಿತ್ತು.

"ಅಮ್ಮಾ, ಬೇಡ!"

ಟೈಲರಕ್ಕ ಚಮಚವನ್ನು ಕಿತ್ತುಕೊಂಡ ರಭಸಕ್ಕೆ ಬಟ್ಟಲು ನೆಲಕ್ಕೆ ಬಿದ್ದು ಠಣಠಣ ಉರುಳಿತು.

"ಏನಮ್ಮಾ ಇದು?" ಆಕೆ ಬೆರಗಾಗಿ ನೋಡಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಯಾಕೋ ಸ್ವಲ್ಪ ಕಹಿ ಅನ್ನಿಸ್ತು. ಬೇಸಿಗೆ ಕಾಯಿ ಅಲ್ವಾ. ಅವರು ಅಷ್ಟು ಕಷ್ಟಪಟ್ಟು ಬೆಳೆಸಿದ್ದು, ಹೇಗೆ ಬಿಡೋದು ಅಂತ ..."

ಮಾತು ಅಲ್ಲಿಗೇ ನಿಂತಿತು. ಆಕೆ ಎರಡೂ ಕೈಯಿಂದ ಹೊಟ್ಟೆ ಅಮುಕಿಕೊಂಡರು. ಮೊದಲ ವಾಂತಿ ಟೈಲರಕ್ಕನ ಸೆರಗಿನ ಮೇಲೆ ಬಿತ್ತು. ಎರಡನೆಯದರಲ್ಲಿ ಕೆಂಪು ಎಳೆಗಳಿದ್ದವು.

ಆಮೇಲಿನದೆಲ್ಲ ಅವಳಿಗೆ ಚೂರುಚೂರಾಗಿ ನೆನಪಿದೆ. ನರ್ಸಮ್ಮ ನಾಡಿ ಹಿಡಿದು ತುಟಿ ಕಚ್ಚಿಕೊಂಡದ್ದು. ಬೇಕರಿಯವನು ವ್ಯಾನಿನಿಂದ ಬ್ರೆಡ್ಡಿನ ಟ್ರೇಗಳನ್ನು ರಸ್ತೆಗೇ ಎಸೆದದ್ದು. ಹಾಸಿಗೆಯ ಸಮೇತ ಎತ್ತಿದಾಗ ಆಕೆ ಒಂದು ಹೊರೆ ಒಣಹುಲ್ಲಿನಷ್ಟೂ ತೂಗದಿದ್ದದ್ದು. ವ್ಯಾನಿನೊಳಗೆ ಹಿಟ್ಟಿನ ವಾಸನೆ, ವಾಂತಿಯ ವಾಸನೆ. "ಕಣ್ಣು ಬಿಡಿ ಅಮ್ಮಾ, ನನ್ನ ನೋಡಿ, ಮಲಗ್ಬೇಡಿ" ಎಂದು ನರ್ಸಮ್ಮ ಕೆನ್ನೆ ತಟ್ಟುತ್ತಲೇ ಇದ್ದಳು. ಮೇಷ್ಟ್ರು ಹೆಂಡತಿಯ ಪಾದ ಹಿಡಿದುಕೊಂಡು ಕೂತಿದ್ದರು. ಉಳಿದಿದ್ದ ಕಾಯಿಯನ್ನು ಟೈಲರಕ್ಕ ಚೀಲದಲ್ಲಿ ಹಾಕಿ ಎದೆಗೆ ಅವುಚಿಕೊಂಡಿದ್ದಳು. ಅದು ಮಗುವಿನಷ್ಟೇ ಭಾರವಿತ್ತು. ಅವಳಿಗೆ ಅದನ್ನು ಹೊರಗೆ ಎಸೆಯಬೇಕೆನ್ನಿಸುತ್ತಿತ್ತು, ಎಸೆಯುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಪರದೆ ಎಳೆದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ಎಳೆಯ ಡಾಕ್ಟರು ಹೊರಗೆ ಬಂದರು.

"ಇದಕ್ಕೆ ಇಂಥದ್ದೇ ಮದ್ದು ಅಂತ ಇಲ್ಲ. ನೀರು ಏರಿಸ್ತಾ ಇದೀವಿ, ಕಾದು ನೋಡ್ಬೇಕು. ಕಾಯಿ ಎಲ್ಲಿಂದ ಬಂತು? ಮಾರ್ಕೆಟ್ಟಲ್ಲಿ ಕೊಂಡಿದ್ದಾ?"

ಪೋಸ್ಟ್‌ಮಾಮ ಟೈಲರಕ್ಕನ ತೋಳನ್ನು ಹಿಂದಿನಿಂದ ಮೆಲ್ಲಗೆ ಜಗ್ಗಿದ. ಹೌದು ಎಂದುಬಿಟ್ಟರೆ ಮುಗಿಯಿತು, ತೋಟ ಉಳಿಯುತ್ತದೆ. ಕಚೇರಿಯ ಸಾಹೇಬರು ಎಂಥ ಒಂದು ದೂರಿಗಾಗಿ ಕಾದು ಕೂತಿದ್ದಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಳೆ ಅವರು ಹುಲ್ಲಿನ ಮೇಲೆ ನಿಂತು, ಜನರ ಆರೋಗ್ಯಕ್ಕಾಗಿ ಈ ಕ್ರಮ ಎಂದು ಹೇಳಿಕೆ ಕೊಡುತ್ತಾರೆ. ನಲ್ಲಿಗೆ ಬೀಗ ಹಾಕಿದ ಕೈಯ ಬಗ್ಗೆ ಯಾರೂ ಬರೆಯುವುದಿಲ್ಲ.

ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಬೇರೆ ಯಾರಾದ್ರೂ ತಿಂದಿದಾರಾ ಅಂತ ಹುಡುಕ್ಬೇಕಲ್ಲ, ಅದಕ್ಕೆ ಕೇಳ್ತಿದೀನಿ," ಎಂದರು ಡಾಕ್ಟರು.

"ನಾನು ಬೆಳೆದಿದ್ದು," ಅವಳು ಚೀಲ ಮುಂದೆ ಹಿಡಿದಳು. "ನೀರಿನ ಕಚೇರಿ ಎದುರಿನ ತೋಟದ್ದು. ಬೆರಕೆ ಬೀಜ, ನನಗೆ ತಿಳೀಲಿಲ್ಲ. ಮೂರೇ ಕಾಯಿ ಇದ್ದಿದ್ದು. ಒಂದು ನನ್ನ ಮನೇಲಿದೆ, ಒಂದು ಇದು. ಇನ್ನೊಂದು ... ಒಳಗಿದೆ."

ಡಾಕ್ಟರು ತಲೆಯಾಡಿಸಿ ಚೀಲ ತೆಗೆದುಕೊಂಡು ಹೋದರು. ಪೋಸ್ಟ್‌ಮಾಮ ಜಗ್ಗಿದ್ದ ತೋಳನ್ನು ಬಿಟ್ಟ. ಬಿಟ್ಟ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳ ಬೆನ್ನ ಮೇಲೆ ಇಟ್ಟ.

"ಕಾಡುಸೋರೆ ನನ್ನದಮ್ಮ," ಎಂದ. "ಅದನ್ನೂ ಹೇಳ್ಬೇಕಿತ್ತು ನೀನು."

ಬೆಂಚಿನ ಮೇಲೆ ಕಾಯುವುದು ಶುರುವಾಯಿತು. ಪರದೆಯ ಆಚೆ ಯಾರೋ ಓಡಿದರೆ ಎಲ್ಲರೂ ಏಳುತ್ತಿದ್ದರು. ಓಡಿದವರು ಇನ್ನಾರದೋ ಮಂಚಕ್ಕೆ ಹೋದರೆ, ನಾಚಿಕೆಯಿಲ್ಲದೆ ನಿಟ್ಟುಸಿರು ಬಿಟ್ಟು ಮತ್ತೆ ಕೂರುತ್ತಿದ್ದರು. ಒಮ್ಮೆ ಒಳಗಿನ ಮಾನಿಟರು ಒಂದೇ ಸಮನೆ ಕೂಗಿತು. ಟೈಲರಕ್ಕ ಕಣ್ಣು ಮುಚ್ಚಿಕೊಂಡಳು. ಕೂಗು ನಿಂತಿತು. ಯಾಕೆ ನಿಂತಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನರ್ಸಮ್ಮನೇ ಒಳಗೆ ಹೋಗಿ, ಬಂದು, "ವೈರು ಕಳಚಿತ್ತು ಅಷ್ಟೇ" ಎಂದಳು. ಬೇಕರಿಯವನು ಗೋಡೆಗೆ ಮುಖ ಮಾಡಿ ಬಿಕ್ಕಿದ.

ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಏರಿದ ಮೇಲೆ ಡಾಕ್ಟರು ಮತ್ತೆ ಬಂದರು.

"ಬಿ.ಪಿ. ಮೇಲಕ್ಕೆ ಬರ್ತಾ ಇದೆ. ಗೆದ್ವಿ ಅಂತ ಈಗಲೇ ಹೇಳಲ್ಲ. ಆದ್ರೆ ಬರ್ತಾ ಇದೆ. ಮಾತಾಡ್ತಿದಾರೆ. ಮನೆಯವರನ್ನ ಕರೀತಿದಾರೆ."

ಮೇಷ್ಟ್ರಿಗೆ ಏಳಲಾಗಲಿಲ್ಲ. ಟೈಲರಕ್ಕ ಅವರ ರಟ್ಟೆ ಹಿಡಿದು ಎಬ್ಬಿಸಿ ಪರದೆಯವರೆಗೆ ನಡೆಸಿದಳು. ತಾನು ಅಲ್ಲೇ ನಿಂತಳು. ಒಳಗೆ ಕಾಲಿಡಲು ಅವಳಿಗೆ ಮುಖವಿರಲಿಲ್ಲ.

ದಿಂಬಿನ ಮೇಲಿನ ತಲೆ ಮೆಲ್ಲಗೆ ಈಚೆ ತಿರುಗಿತು. ದನಿ ಕಾಗದ ಹರಿದ ಹಾಗಿತ್ತು.

"ಆ ಕಾಯಿ ನಮ್ಮದಲ್ವಂತೆ. ಬಳ್ಳಿ ಒಣಗಿತಾ ರೀ?"

ಮೇಷ್ಟ್ರು ಮಂಚದ ಕಂಬಿ ಹಿಡಿದುಕೊಂಡರು. "ಒಣಗಿತು ಕಣೇ."

"ಬೀನ್ಸು?"

"ಎಲ್ಲಾ. ನೀರು ನಿಲ್ಲಿಸಿದಾಗಲೇ."

ಆಕೆ ಗಂಡನ ಮುಖ ನೋಡಿದರು. ಕೊಳವೆ ಚುಚ್ಚಿದ್ದ ಕೈಯನ್ನು ಎತ್ತಲು ಹೋಗಿ ಆಗದೆ ಬಿಟ್ಟರು.

"ಮೊದಲೇ ಹೇಳಿದ್ರೆ ಉಗೀತಿದ್ನಲ್ರೀ," ಎಂದರು.

ಆಕೆಯ ಮುಖ ಮತ್ತೆ ಕಿವುಚಿಕೊಂಡಿತು.

"ನಿಂತ್ಕೊಂಡು ನೋಡ್ಬೇಡಿ. ಆ ಬೋಗುಣಿ ಹಿಡೀರಿ, ಬೇಗ."

ಮೇಷ್ಟ್ರು ತಡಕಾಡಿದರು, ಕನ್ನಡಕವಿಲ್ಲದ ಅವರಿಗೆ ಬೋಗುಣಿ ಕಾಣಲಿಲ್ಲ. ಟೈಲರಕ್ಕ ಪರದೆ ಸರಿಸಿ ಒಳಗೆ ಹೋಗಿ, ಮಂಚದ ಕೆಳಗಿಂದ ಅದನ್ನೆತ್ತಿ ಆಕೆಯ ಗಲ್ಲದ ಕೆಳಗೆ ಹಿಡಿದಳು. ಈ ಸಲ ಬಂದದ್ದರಲ್ಲಿ ಕೆಂಪು ಇದೆಯೇ ಎಂದು ಅವಳೂ ಮೇಷ್ಟ್ರೂ ಉಸಿರು ಹಿಡಿದು ಬಗ್ಗಿ ನೋಡಿದರು. ಇರಲಿಲ್ಲ.